ಪ್ಲೇಟೋನಿಂದ ಅಕ್ವಿನಾಸ್‌ವರೆಗೆ: ಮೊದಲು ಯಾರನ್ನು ಓದಬೇಕು, ಯಾವ ಗ್ರಂಥದಿಂದ?

ಪಾಶ್ಚಾತ್ಯ ಚಿಂತನೆಯನ್ನು ಮೂಲದಿಂದಲೇ ಓದುತ್ತೇವೆಂದು ಹೊರಟವರಲ್ಲಿ ಬಹಳ ಜನ ನಡುವೆ ಕೈಬಿಡುತ್ತಾರೆ. ವಿಷಯ ಕಷ್ಟ ಎಂಬುದಕ್ಕಿಂತ, ಕೈಗೆತ್ತಿಕೊಂಡ ಗ್ರಂಥ ಯಾವ ಬಗೆಯದು ಎಂದು ತಿಳಿಯದೆ ಓದುವುದೇ ಇದಕ್ಕೆ ದೊಡ್ಡ ಕಾರಣ. ಪ್ಲೇಟೋ ಬರೆದದ್ದು ಸಂವಾದ. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವುದು ಬಹುಪಾಲು ಪಾಠದ ಟಿಪ್ಪಣಿ. ಎಪಿಕ್ಟೀಟಸ್ ತಾನಾಗಿ ಏನೂ ಬರೆಯಲಿಲ್ಲ, ಅವನ ಮಾತನ್ನು ಶಿಷ್ಯ ಏರಿಯನ್ ಬರೆದಿಟ್ಟ. ಮಾರ್ಕಸ್ ಆರೇಲಿಯಸ್ ತನಗಾಗಿಯೇ ಬರೆದುಕೊಂಡ, ಅಗಸ್ಟೀನ್ ದೇವರನ್ನು ಕರೆದು ಬರೆದ, ಬೊಯೆಥಿಯಸ್ ಸೆರೆಯಲ್ಲಿದ್ದಾಗ ಗದ್ಯಪದ್ಯ ಬೆರೆಸಿ ಬರೆದ, ಅಕ್ವಿನಾಸ್ ವಿದ್ಯಾಪೀಠದ ವಾದಸಭೆಯ ಕ್ರಮದಲ್ಲಿ ಬರೆದ. ಒಂದನ್ನು ಓದುವ ರೀತಿಯಲ್ಲಿ ಇನ್ನೊಂದನ್ನು ಓದಿದರೆ ಎರಡೂ ಕೈಗೆ ಸಿಗುವುದಿಲ್ಲ.

ಆದ್ದರಿಂದ ಕಾಲಾನುಕ್ರಮ ಬಿಟ್ಟುಬಿಡಿ. ನಿಮ್ಮ ಪ್ರಶ್ನೆ ಏನು, ಯಾವ ಬರವಣಿಗೆ ನಿಮಗೆ ಒಗ್ಗುತ್ತದೆ ಎಂದು ನೋಡಿ ಆರಿಸಿ. ಮೊದಲ ಆಯ್ಕೆ ಚಿಕ್ಕದಾಗಿರಲಿ, ಪೂರ್ತಿ ಓದಿ ಮುಗಿಸುವಂತಿರಲಿ.

ಕೊಳ್ಳುವ ಮುಂಚೆ ಪುಟದ ಅಂಚು ನೋಡಿ

ಪ್ಲೇಟೋನ ಒಳ್ಳೆಯ ಆವೃತ್ತಿಯಲ್ಲಿ ಪುಟದ ಅಂಚಿಗೆ 17ಎ, 514ಎ ಎಂಬಂಥ ಗುರುತುಗಳಿರುತ್ತವೆ. ಇವು 1578ರಲ್ಲಿ ಹೆನ್ರಿ ಎಸ್ತಿಯೆನ್, ಲ್ಯಾಟಿನ್‌ನಲ್ಲಿ ಸ್ಟೆಫಾನಸ್, ಅಚ್ಚು ಹಾಕಿಸಿದ ಆವೃತ್ತಿಯ ಪುಟಸಂಖ್ಯೆಗಳು. ಅಕ್ಷರ ಆ ಪುಟದ ಭಾಗವನ್ನು ತಿಳಿಸುತ್ತದೆ. ಅರಿಸ್ಟಾಟಲನಿಗೆ 1831ರ ಬೆಕ್ಕರ್ ಆವೃತ್ತಿಯ ಸಂಖ್ಯೆ: 1094ಎ1 ಎಂದರೆ 1094ನೇ ಪುಟ, ಎಡ ಅಂಕಣ, ಮೊದಲ ಸಾಲು. ಅನುವಾದ ಯಾರದಾದರೂ, ಭಾಷೆ ಯಾವುದಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಜಾಲತಾಣದಲ್ಲಿ ಉಚಿತವಾಗಿ ಸಿಗುವ ಹಳೆಯ ಅನುವಾದಗಳಲ್ಲಿ ಎಷ್ಟೋ ಕಡೆ ಈ ಗುರುತುಗಳನ್ನು ಕಿತ್ತುಹಾಕಿರುತ್ತಾರೆ. ಆಗ ವ್ಯಾಖ್ಯಾನ ಓದುತ್ತಾ ಮೂಲದ ಜಾಗ ಹುಡುಕುವುದು ಆಗದ ಕೆಲಸ. ಇಂಗ್ಲಿಷ್ ಅನುವಾದವನ್ನೇ ಕೊಳ್ಳುವುದಾದರೆ ಹತ್ತು ರೂಪಾಯಿ ಹೆಚ್ಚಾದರೂ ಅಂಚಿನಲ್ಲಿ ಸಂಖ್ಯೆಯಿರುವ ಪ್ರತಿಯನ್ನೇ ಕೊಳ್ಳಿ. ಮಾರ್ಕಸ್ ಆರೇಲಿಯಸ್‌ನ ವಿಷಯದಲ್ಲೂ ಎಚ್ಚರ ಬೇಕು: ಉಚಿತವಾಗಿ ಹೆಚ್ಚು ಓಡಾಡುತ್ತಿರುವ 1634ರ ಕಸೋಬನ್ ಅನುವಾದದಲ್ಲಿ ಖಂಡಗಳ ಸಂಖ್ಯೆ ಈಗಿನ ಆವೃತ್ತಿಗಳಿಗೆ ಹೊಂದುವುದಿಲ್ಲ.

ಈ ಸಂಖ್ಯೆಗಳಿಂದ ಇನ್ನೊಂದು ಉಪಯೋಗವಿದೆ. "ನಾವು ಪದೇ ಪದೇ ಮಾಡುವುದೇ ನಾವು" ಎಂಬ ಮಾತು ಅರಿಸ್ಟಾಟಲನ ಹೆಸರಿನಲ್ಲಿ ದಿನವೂ ಹಂಚಿಕೆಯಾಗುತ್ತದೆ. ಅದು ಅರಿಸ್ಟಾಟಲನ ವಿಚಾರವನ್ನು ವಿವರಿಸುತ್ತಾ ವಿಲ್ ಡ್ಯೂರಾಂಟ್ 1926ರಲ್ಲಿ ಬರೆದ ವಾಕ್ಯ. "ಯುದ್ಧದ ಕೊನೆಯನ್ನು ಕಂಡವರು ಸತ್ತವರು ಮಾತ್ರ" ಎಂಬುದನ್ನು ಪ್ಲೇಟೋಗೆ ಅಂಟಿಸುತ್ತಾರೆ, ಅದು ಇಪ್ಪತ್ತನೇ ಶತಮಾನದ ಚಿಂತಕ ಜಾರ್ಜ್ ಸಾಂತಾಯನನದು. ಸಂಖ್ಯೆ ಕೊಡದ ಉದ್ಧರಣೆಯನ್ನು ನಂಬಬೇಡಿ.

ಪ್ಲೇಟೋ: ಪ್ರಶ್ನೆ ಕೇಳುವುದನ್ನು ಕಲಿಯಬೇಕಿದ್ದರೆ

ಏನೂ ಓದಿಲ್ಲ, ಎಲ್ಲಿಂದಾದರೂ ಸರಿ ಎನ್ನುವವರಿಗೆ ನಮ್ಮ ಸಲಹೆ ಪ್ಲೇಟೋ. ಆದರೆ 'ರಿಪಬ್ಲಿಕ್'ನಿಂದ ಬೇಡ. 'ಯೂಥಿಫ್ರೋ' (2ಎ–16ಎ), 'ಅಪಾಲಜಿ' (17ಎ–42ಎ), 'ಕ್ರೈಟೋ' (43ಎ–54ಇ) ಇವನ್ನು ಇದೇ ಕ್ರಮದಲ್ಲಿ ಓದಿ. ಮೂರೂ ಸೇರಿ ಸ್ಟೆಫಾನಸ್‌ನ ಐವತ್ತೈದು ಪುಟ ಮೀರುವುದಿಲ್ಲ. ಒಂದು ವಾರಾಂತ್ಯ ಸಾಕು.

'ಯೂಥಿಫ್ರೋ'ದಲ್ಲಿ ಸಾಕ್ರಟೀಸ್ ತನ್ನ ಮೊಕದ್ದಮೆಗಾಗಿ ನ್ಯಾಯಾಲಯದ ಬಳಿ ಬಂದಿದ್ದಾನೆ. ಅಲ್ಲಿ ಸಿಗುವ ಯೂಥಿಫ್ರೋ ಹೆತ್ತ ತಂದೆಯ ಮೇಲೆಯೇ ಕೊಲೆಯ ದಾವೆ ಹೂಡಲು ಬಂದವನು. ಕುಡಿದ ಕೂಲಿಯಾಳೊಬ್ಬ ಮನೆಯ ಗುಲಾಮನನ್ನು ಕೊಂದ. ತಂದೆ ಆ ಕೂಲಿಯವನನ್ನು ಕಟ್ಟಿ ಹಳ್ಳಕ್ಕೆ ಹಾಕಿ, ಮುಂದೇನು ಮಾಡಬೇಕೆಂದು ಕೇಳಲು ಅಥೆನ್ಸಿಗೆ ಜನ ಕಳಿಸಿದ. ಅವರು ಹಿಂತಿರುಗುವಷ್ಟರಲ್ಲಿ ಅವನು ಚಳಿ ಹಸಿವಿನಿಂದ ಸತ್ತ. ಮಗ ತಾನು ಮಾಡುತ್ತಿರುವುದೇ ಧರ್ಮ ಎನ್ನುತ್ತಾನೆ. ಧರ್ಮ ಎಂದರೇನು ಹೇಳು ಎನ್ನುತ್ತಾನೆ ಸಾಕ್ರಟೀಸ್. 10ಎ ಬಳಿ ಬರುವ ಪ್ರಶ್ನೆಯ ಮುಂದೆ ನಿಂತು ಯೋಚಿಸಿ: ದೇವತೆಗಳು ಮೆಚ್ಚುವುದರಿಂದ ಅದು ಧರ್ಮವೋ, ಧರ್ಮವಾದ್ದರಿಂದ ದೇವತೆಗಳು ಮೆಚ್ಚುತ್ತಾರೋ? ಉತ್ತರ ಸಿಗುವುದಿಲ್ಲ. ಯೂಥಿಫ್ರೋ ಬೇರೆ ಕೆಲಸವಿದೆಯೆಂದು ಹೊರಟುಹೋಗುತ್ತಾನೆ. ಇಲ್ಲಿ ಓದುಗರಿಗೆ ಮೋಸವಾದಂತೆ ಅನ್ನಿಸುತ್ತದೆ, ಏಕೆಂದರೆ ಅವರು ಸಂವಾದವನ್ನು ಪಠ್ಯಪುಸ್ತಕದಂತೆ ಓದಿರುತ್ತಾರೆ. ಪ್ರತಿ ಉತ್ತರವೂ ಎಲ್ಲಿ ಮುರಿಯಿತು ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಲಾಭ ಇರುವುದು ಅಲ್ಲೇ.

'ಅಪಾಲಜಿ'ಯಲ್ಲಿ ಆಗುವ ತೊಡಕು ಬೇರೆ. ಕ್ರಿ.ಪೂ. 399ರಲ್ಲಿ ನಡೆದ ಸಾಕ್ರಟೀಸ್‌ನ ವಿಚಾರಣೆಯಲ್ಲಿ ಎರಡು ಬಾರಿ ಮತ ಬೀಳುತ್ತದೆ: ಮೊದಲು ತಪ್ಪಿತಸ್ಥನೇ ಎಂದು, ಆಮೇಲೆ ಶಿಕ್ಷೆ ಯಾವುದು ಎಂದು. ಪ್ಲೇಟೋ ಮತದಾನವನ್ನು ವರ್ಣಿಸುವುದಿಲ್ಲ. ಭಾಷಣ ಮಾತ್ರ ಕೊಡುತ್ತಾನೆ. ಹಾಗಾಗಿ 35ಇ ಬಳಿಯೂ 38ಸಿ ಬಳಿಯೂ ಒಂದೊಂದು ಗೆರೆ ಎಳೆದು, ಅಲ್ಲಿ ಮತ ಬಿತ್ತು ಎಂದು ಬರೆದುಕೊಂಡು ಓದಿ. ಇಲ್ಲದಿದ್ದರೆ ಶಿಕ್ಷೆಯ ಬದಲು ಸರ್ಕಾರಿ ಭೋಜನ ಕೊಡಿ ಎಂದು ಸಾಕ್ರಟೀಸ್ ಕೇಳುವುದು, ಆಮೇಲೆ ಒಂದು ಮೀನಾ (ಗ್ರೀಕರ ತೂಕ ಹಾಗೂ ಹಣದ ಅಳತೆ) ದಂಡ ಎನ್ನುವುದು, ಗೆಳೆಯರ ಒತ್ತಾಯಕ್ಕೆ ಅದನ್ನು ಮೂವತ್ತಕ್ಕೆ ಏರಿಸುವುದು ಏಕೆಂದೇ ತಿಳಿಯುವುದಿಲ್ಲ.

ಗಣಿತ ಇಷ್ಟಪಡುವವರು ಇದರ ನಂತರ 'ಮೀನೋ'ಗೆ ಹೋಗಿ. 82ಬಿಯಿಂದ 85ಬಿವರೆಗಿನ ಭಾಗವನ್ನು ಕಾಗದ ಪೆನ್ಸಿಲ್ ಹಿಡಿದೇ ಓದಬೇಕು. ಎರಡು ಅಡಿ ಬಾಹುವಿನ ಚೌಕ ಬರೆಯಿರಿ, ವಿಸ್ತೀರ್ಣ 4. ಇದರ ಎರಡರಷ್ಟು ವಿಸ್ತೀರ್ಣದ ಚೌಕದ ಬಾಹು ಎಷ್ಟು? ಸಾಕ್ರಟೀಸ್ ಇದನ್ನು ಕೇಳುವುದು ಮೀನೋನ ಗುಲಾಮ ಹುಡುಗನನ್ನು. ಲೆಕ್ಕ ಕಲಿಯದ ಆ ಹುಡುಗ ಮೊದಲು ನಾಲ್ಕು ಅಡಿ ಎನ್ನುತ್ತಾನೆ. ಬರೆದು ನೋಡಿದರೆ 16. ಹಾಗಾದರೆ ಮೂರು ಎನ್ನುತ್ತಾನೆ, ಅದು 9. 84ಎ ಬಳಿ ತನಗೆ ಗೊತ್ತಿಲ್ಲ ಎಂದು ಒಪ್ಪುತ್ತಾನೆ. ಆಮೇಲೆ ಸಾಕ್ರಟೀಸ್ ಅಂಥ ನಾಲ್ಕು ಚೌಕ ಕೂಡಿಸಿ ಪ್ರತಿಯೊಂದಕ್ಕೂ ಕರ್ಣ ಎಳೆಯುತ್ತಾನೆ. ಒಳಗೆ ಓರೆಯಾಗಿ ಕೂತ ಚೌಕದ ವಿಸ್ತೀರ್ಣ 8. ಅಂದರೆ ಬೇಕಿದ್ದ ಬಾಹು ಮೊದಲ ಚೌಕದ ಕರ್ಣವೇ. ಯಾರೂ ಹೇಳಿಕೊಡದೆ ಹುಡುಗ ಇದನ್ನು ಕಂಡುಕೊಂಡನೇ, ಅಥವಾ ಪ್ರಶ್ನೆಗಳೊಳಗೇ ಉತ್ತರ ಅಡಗಿತ್ತೇ ಎಂಬ ವಾದ ಇಂದಿಗೂ ನಿಂತಿಲ್ಲ. ನೀವೇ ಗೆರೆ ಎಳೆದಿದ್ದರೆ ಆ ವಾದಕ್ಕೆ ಇಳಿಯುವ ಹಕ್ಕು ನಿಮಗೂ ಬರುತ್ತದೆ.

'ರಿಪಬ್ಲಿಕ್'ನ ಹತ್ತು ಭಾಗಗಳನ್ನು ಒಂದೇ ಉಸಿರಿಗೆ ಓದುವುದು ಬೇಡ. ಮೊದಲ ಭಾಗ, ಎರಡನೆಯದರಲ್ಲಿ 367ಇವರೆಗೆ, ನಾಲ್ಕನೆಯದರಲ್ಲಿ ಆತ್ಮದ ಮೂರು ಪಾಲುಗಳ ಚರ್ಚೆ (434ಡಿ–444ಇ), ಆಮೇಲೆ ಸೂರ್ಯ, ಗೆರೆ, ಗುಹೆ ಎಂಬ ಮೂರು ರೂಪಕಗಳು (507ಎ–521ಬಿ). ಗೋಡೆಯ ನೆರಳನ್ನೇ ನಿಜವೆಂದು ನಂಬಿದ ಸೆರೆಯಾಳುಗಳಿರುವ ಗುಹೆಯ ಚಿತ್ರವೊಂದನ್ನೇ ಬಿಡಿಯಾಗಿ ಓದಿದವರು ಅದನ್ನು ಮಾಯೆಯ ವರ್ಣನೆಯೆಂದು ತಿಳಿಯುತ್ತಾರೆ. ಪ್ಲೇಟೋ ಆ ಭಾಗವನ್ನು ಶುರುಮಾಡುವುದೇ ಶಿಕ್ಷಣದ ಮಾತಿನಿಂದ, ಮುಗಿಸುವುದು ಗುಹೆಯಿಂದ ಹೊರಬಂದವನು ಮತ್ತೆ ಒಳಗಿಳಿದು ಆಳಬೇಕು ಎಂಬ ಒತ್ತಾಯದಿಂದ.

ಅರಿಸ್ಟಾಟಲ್: ನಡತೆ, ನ್ಯಾಯ, ಗೆಳೆತನ, ನಾಟಕ

ಪ್ಲೇಟೋನ ಗದ್ಯದ ಸೊಗಸು ಸವಿದವರಿಗೆ ಅರಿಸ್ಟಾಟಲ್ ಒಣಗಿದಂತೆ ಕಾಣುತ್ತಾನೆ. ತಪ್ಪು ಅವನದಲ್ಲ: ಪ್ರಕಟಣೆಗೆಂದು ಅವನು ಬರೆದ ಗ್ರಂಥಗಳು ಬಹುಪಾಲು ನಾಶವಾಗಿ, ಶಾಲೆಯೊಳಗಿನ ಟಿಪ್ಪಣಿಗಳು ಉಳಿದವು. ವಾಕ್ಯ ಅರ್ಧದಲ್ಲಿ ತಿರುಗುತ್ತದೆ, ಹೇಳಿದ್ದು ಮತ್ತೆ ಬರುತ್ತದೆ. ದಿನಕ್ಕೆ ಎರಡು ಅಧ್ಯಾಯ ಸಾಕು, ಪ್ರತಿ ಅಧ್ಯಾಯದ ವಾದವನ್ನು ನಿಮ್ಮ ಮಾತಿನಲ್ಲಿ ಮೂರು ಸಾಲು ಬರೆಯಿರಿ.

'ನಿಕೊಮೇಕಿಯನ್ ಎಥಿಕ್ಸ್'ನ ಹತ್ತು ಭಾಗಗಳಲ್ಲಿ ಮೊದಲ ಓದಿಗೆ 1, 2, 5, 8, 9 ತೆಗೆದುಕೊಳ್ಳಿ (8, 9 ಗೆಳೆತನದ ಬಗ್ಗೆ). ಮೊದಲ ಭಾಗದ 6ನೇ ಅಧ್ಯಾಯ ಪ್ಲೇಟೋನ ಸಿದ್ಧಾಂತದ ಖಂಡನೆ. ಹೊಸಬರು ಅಲ್ಲಿಯೇ ಸಿಕ್ಕಿಕೊಳ್ಳುತ್ತಾರೆ, ದಾಟಿ ಮುಂದೆ ಹೋಗಿ.

ಎರಡನೇ ಭಾಗದ 'ಮಧ್ಯಮ' ನಮ್ಮಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗಿರುವ ವಿಚಾರ. ಎಲ್ಲದರಲ್ಲೂ ಅರ್ಧ ಅರ್ಧ ಇರಲಿ ಎಂದು ಅವನು ಹೇಳುತ್ತಿಲ್ಲ. ಅವನ ಉದಾಹರಣೆಯನ್ನೇ ನೋಡಿ: ಒಬ್ಬನಿಗೆ ಹತ್ತು ಮೀನಾ ತೂಕದ ಊಟ ಹೆಚ್ಚು, ಎರಡು ಕಡಿಮೆ, ಹಾಗೆಂದು ಗರಡಿಯ ಗುರು ಎಲ್ಲರಿಗೂ ಆರು ಬಡಿಸುವುದಿಲ್ಲ. ಮೈಲೋನಂಥ ಜಟ್ಟಿಗೆ ಅದು ಸಾಲದು, ಈಗಷ್ಟೇ ಅಖಾಡಕ್ಕೆ ಇಳಿದವನಿಗೆ ಅತಿ. ಮಧ್ಯಮ ಎಂಬುದು ಆಯಾ ವ್ಯಕ್ತಿ, ಆಯಾ ಸಂದರ್ಭಕ್ಕೆ ಸರಿಬೀಳುವುದು. ಕಳ್ಳತನ, ಕೊಲೆ, ವ್ಯಭಿಚಾರಗಳಿಗೆ ಮಧ್ಯಮವೇ ಇಲ್ಲ ಎಂದೂ 1107ಎ ಬಳಿ ಸ್ಪಷ್ಟವಾಗಿ ಹೇಳುತ್ತಾನೆ. ಬುದ್ಧನ ಮಧ್ಯಮ ಮಾರ್ಗವನ್ನು ಇಲ್ಲಿಗೆ ತಂದು ಜೋಡಿಸುವ ಮುಂಚೆ ಈ ಎರಡು ಜಾಗ ಓದಿ.

ಕಾನೂನು ಓದುವವರಿಗೆ ಐದನೇ ಭಾಗ ಚಿನ್ನದ ಗಣಿ. ಹಂಚಿಕೆಯ ನ್ಯಾಯ ಬೇರೆ, ಆದ ನಷ್ಟವನ್ನು ಸರಿಪಡಿಸುವ ನ್ಯಾಯ ಬೇರೆ ಎಂದು ಅವನು ಬಿಡಿಸುತ್ತಾನೆ. 10ನೇ ಅಧ್ಯಾಯದಲ್ಲಿ, ಕಾನೂನು ಸಾಮಾನ್ಯವಾಗಿ ಹೇಳುವುದರಿಂದ ಕೆಲವು ಪ್ರಕರಣಗಳಲ್ಲಿ ಎಡವುತ್ತದೆ, ಆಗ ತಿದ್ದಲು ಲೆಸ್ಬೋಸ್‌ನ ಕಲ್ಲುಕುಟಿಗರ ಸೀಸದ ಅಳತೆಪಟ್ಟಿಯಂಥದ್ದು ಬೇಕು ಎನ್ನುತ್ತಾನೆ. ಅದು ಕಲ್ಲಿನ ಆಕಾರಕ್ಕೆ ಬಾಗುತ್ತದೆ.

ಸಾಹಿತ್ಯದ ಕಡೆಯಿಂದ ಬಂದವರು 26 ಅಧ್ಯಾಯಗಳ 'ಪೊಯೆಟಿಕ್ಸ್'ನಿಂದಲೇ ಆರಂಭಿಸಬಹುದು. ಆದರೆ ಒಂದೆರಡು ಗ್ರೀಕ್ ರುದ್ರನಾಟಕ ಓದಿರಲೇಬೇಕು. ಕನ್ನಡದಲ್ಲಿ ಬಿ.ಎಂ.ಶ್ರೀ. ಸೊಫೊಕ್ಲೀಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಆಗಿಸಿದ್ದಾರೆ, ಈಸ್ಕಿಲಸನ 'ಪರ್ಷಿಯನ್ಸ್' ಅನ್ನು 'ಪಾರಸಿಕರು' ಎಂದು ಅನುವಾದಿಸಿದ್ದಾರೆ. ಇವನ್ನು ಓದಿ ಹೋದರೆ, ಪಾತ್ರಕ್ಕಿಂತ ಕಥಾಸಂವಿಧಾನ ಮೊದಲು ಎಂಬ ಅರಿಸ್ಟಾಟಲನ ಮಾತನ್ನು ಪರೀಕ್ಷಿಸಲು ಕೈಯಲ್ಲಿ ಸರಕಿರುತ್ತದೆ.

ಸ್ಟೋಯಿಕರು: ಕಷ್ಟದಲ್ಲಿ ಇರುವಾಗ

ನಮ್ಮ ಕೈಯಲ್ಲಿರುವುದರ ಮೇಲೆ ಮಾತ್ರ ಮನಸ್ಸಿಡಬೇಕು ಎಂದ ಗ್ರೀಕ್-ರೋಮನ್ ಪಂಥ ಸ್ಟೋಯಿಕರದು. ಇಲ್ಲಿ ಮೂವರಲ್ಲಿ ಒಬ್ಬರನ್ನು ಆರಿಸಬೇಕು. ಅಂಗಡಿಯಲ್ಲಿ ಎದ್ದು ಕಾಣುವುದು ಮಾರ್ಕಸ್ ಆರೇಲಿಯಸ್, 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಮೊದಲ ಓದಿಗೆ ಅವನು ಬೇಡ ಎಂದೇ ಹೇಳುತ್ತೇವೆ. 12 ಭಾಗಗಳ ಆ ಬರಹ ಬೇರೆಯವರಿಗಾಗಿ ಬರೆದದ್ದಲ್ಲ; ಸ್ಟೋಯಿಕ್ ಸಿದ್ಧಾಂತ ತನಗೆ ಗೊತ್ತು ಎಂದುಕೊಂಡೇ ತನ್ನನ್ನು ತಾನು ಎಚ್ಚರಿಸಿಕೊಳ್ಳುವ ಟಿಪ್ಪಣಿ. ಸಿದ್ಧಾಂತ ತಿಳಿಯದೆ ಓದಿದರೆ ಸುಭಾಷಿತಗಳ ಗುಚ್ಛವಾಗುತ್ತದೆ.

ಎಪಿಕ್ಟೀಟಸ್‌ನ 53 ಖಂಡಗಳ ಕೈಪಿಡಿ, 'ಎನ್ಕೈರಿಡಿಯನ್', ಸಿದ್ಧಾಂತದ ತಿರುಳು. ಮೊದಲ ಖಂಡದಲ್ಲೇ ಗೆರೆ ಬೀಳುತ್ತದೆ: ನಮ್ಮ ಅಭಿಪ್ರಾಯ, ಪ್ರವೃತ್ತಿ, ಬಯಕೆ, ಜಿಹಾಸೆ (ಬೇಡವೆಂದು ದೂರವಿಡುವುದು) ನಮ್ಮ ಕೈಯಲ್ಲಿವೆ, ದೇಹ, ಆಸ್ತಿ, ಕೀರ್ತಿ, ಅಧಿಕಾರ ಇಲ್ಲ. ಎರಡು ತಾಸಿನೊಳಗೆ ಮುಗಿಯುತ್ತದೆ. ತೊಂದರೆ ಬರುವುದು 3ನೇ ಖಂಡದಲ್ಲಿ. ಮಡಕೆ ಒಡೆದರೆ ಕಲಕದಂತೆ, ಮಗುವನ್ನೋ ಹೆಂಡತಿಯನ್ನೋ ಮುದ್ದಿಸುವಾಗಲೂ ಸಾಯುವ ಮನುಷ್ಯರನ್ನು ಮುದ್ದಿಸುತ್ತಿದ್ದೇನೆ ಎಂದುಕೊ ಎನ್ನುತ್ತಾನೆ. ಓದಿದವರು ಇವನಿಗೆ ಎದೆಯೇ ಇಲ್ಲವೇ ಎಂದು ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ, ಪೂರ್ಣ ಪಾಠಗಳಾದ 'ಡಿಸ್ಕೋರ್ಸಸ್'ನ 1.11 ತೆರೆಯಿರಿ. ಮಗಳ ಕಾಯಿಲೆ ನೋಡಲಾಗದೆ ಮನೆಬಿಟ್ಟು ಓಡಿದ ಅಧಿಕಾರಿಯೊಬ್ಬ, ಅದು ಪ್ರೀತಿಯಿಂದಲೇ ಮಾಡಿದ್ದು ಎನ್ನುತ್ತಾನೆ. ಎಪಿಕ್ಟೀಟಸ್ ಅವನನ್ನು ಹಂತಹಂತವಾಗಿ ಕೇಳುತ್ತಾ, ಪ್ರೀತಿ ಇದ್ದವನು ಪಕ್ಕದಲ್ಲೇ ಉಳಿಯುತ್ತಿದ್ದ ಎಂಬಲ್ಲಿಗೆ ತರುತ್ತಾನೆ. ಕೈಪಿಡಿಯ ಕಟು ಮಾತಿಗೆ ಈ ಪಾಠವೇ ವ್ಯಾಖ್ಯಾನ.

ಸಿದ್ಧಾಂತಕ್ಕಿಂತ ಮಾತುಕತೆಯ ಧಾಟಿ ಬೇಕು ಎನ್ನುವವರಿಗೆ ಸೆನೆಕಾನ 124 ಪತ್ರಗಳಿವೆ. 1 (ಕಾಲ), 7 (ಜನಜಂಗುಳಿ), 18 (ಕೆಲವು ದಿನ ಬಡವನಂತೆ ಉಂಡು ಉಟ್ಟು ನೋಡುವುದು), 47 (ಗುಲಾಮರನ್ನು ನಡೆಸಿಕೊಳ್ಳುವುದು) ಈ ನಾಲ್ಕರಿಂದ ಆರಂಭಿಸಿ. ಇವನು ನೀರೋನ ಗುರುವಾಗಿದ್ದು ಅಪಾರ ಸಂಪತ್ತು ಮಾಡಿದವನು ಎಂಬುದು ನೆನಪಿದ್ದರೆ 18ನೇ ಪತ್ರ ಇನ್ನಷ್ಟು ಚುಚ್ಚುತ್ತದೆ.

ಎಪಿಕ್ಯೂರಸ್ ಇವರ ಎದುರಾಳಿ. 'ಮೆನೋಕಿಯಸ್‌ಗೆ ಪತ್ರ' ಕೆಲವೇ ಪುಟ. ಸುಖವೇ ಗುರಿ ಎನ್ನುತ್ತಾನೆ, ಆದರೆ ರೊಟ್ಟಿ ನೀರಿನಲ್ಲಿ ಸಿಗುವ ಸುಖ ಸಾಕು ಎನ್ನುವ ಸುಖವಾದಿ. ಸಾವಿನ ಭಯ ಕಾಡುತ್ತಿದ್ದರೆ ಸ್ಟೋಯಿಕರಿಗಿಂತ ಮೊದಲು ಇವನನ್ನು ಓದಿ.

ಅಗಸ್ಟೀನ್ ಅಥವಾ ಬೊಯೆಥಿಯಸ್

ಇಬ್ಬರೂ ಪ್ರಾಚೀನ ಜಗತ್ತಿನ ಅಂಚಿನಲ್ಲಿ ನಿಂತವರು. ಒಳಮನಸ್ಸಿನ ತಳಮಳ ನಿಮ್ಮ ವಿಷಯವಾದರೆ ಅಗಸ್ಟೀನ್ (354–430). ಒಳ್ಳೆಯವರಿಗೇಕೆ ಕೇಡು ಎಂಬುದು ನಿಮ್ಮ ಪ್ರಶ್ನೆಯಾದರೆ ಬೊಯೆಥಿಯಸ್.

'ಕನ್ಫೆಷನ್ಸ್' 13 ಭಾಗ. ಮೊದಲ ಒಂಬತ್ತು ಜೀವನಕಥೆ, ಹತ್ತು ನೆನಪಿನ ಬಗ್ಗೆ, ಹನ್ನೊಂದು ಕಾಲದ ಬಗ್ಗೆ, ಕೊನೆಯೆರಡು ಬೈಬಲಿನ ಸೃಷ್ಟಿಕಥೆಯ ವ್ಯಾಖ್ಯಾನ. ಆತ್ಮಕಥೆಯೆಂದು ಓದುತ್ತಾ ಬಂದವರು ಹತ್ತರಲ್ಲಿ ದಿಕ್ಕುತಪ್ಪುತ್ತಾರೆ. ಇದು ಆದ್ಯಂತ ಪ್ರಾರ್ಥನೆ. 'ನೀನು' ಎಂದಲ್ಲೆಲ್ಲ ದೇವರು, ಓದುಗರಲ್ಲ. ಬೈಬಲಿನ 'ಕೀರ್ತನೆಗಳು' ಪಕ್ಕದಲ್ಲಿರಲಿ, ಸಾಲುಸಾಲಿಗೂ ಅದರ ಮಾತು ಬರುತ್ತದೆ. ಸಮಯ ಕಡಿಮೆಯಿದ್ದರೆ 2, 8, 11 ಭಾಗ ಮಾತ್ರ ಓದಿ.

ಹನ್ನೊಂದನೆಯದು ಕನ್ನಡ ಛಂದಸ್ಸು ಬಲ್ಲವರಿಗೆ ವಿಶೇಷವಾಗಿ ಹಿಡಿಸುತ್ತದೆ. "ದೆಉಸ್ ಕ್ರೆಆತೊರ್ ಓಮ್ನಿಉಮ್" (ದೇವರೇ, ಎಲ್ಲದರ ಸೃಷ್ಟಿಕರ್ತನೇ) ಎಂಬ ಲ್ಯಾಟಿನ್ ಸ್ತೋತ್ರದ ಸಾಲನ್ನು ಅವನು ತೆಗೆದುಕೊಳ್ಳುತ್ತಾನೆ: ಎಂಟು ಅಕ್ಷರ, ಲಘು ಗುರು ಲಘು ಗುರು ಎಂದು ಸಾಗುತ್ತದೆ. ಗುರು ಲಘುವಿನ ಎರಡರಷ್ಟು ಎನ್ನುತ್ತೇವೆ. ಆದರೆ ಅಳೆಯುವುದು ಹೇಗೆ? ಗುರು ಉಚ್ಚರಿಸಿ ಮುಗಿಯುವ ತನಕ ಅದರ ಉದ್ದ ತಿಳಿಯದು, ಮುಗಿದ ಮೇಲೆ ಅದು ಇಲ್ಲ, ಹೋಲಿಸಬೇಕಾದ ಲಘು ಅದಕ್ಕೂ ಮೊದಲೇ ಹೋಗಿದೆ. ಹಾಗಾದರೆ ಅಳೆದದ್ದು ದನಿಯನ್ನಲ್ಲ, ಅದು ನೆನಪಿನಲ್ಲಿ ಬಿಟ್ಟುಹೋದ ಮುದ್ರೆಯನ್ನು. ಯಾವುದಾದರೂ ಕನ್ನಡ ಪದ್ಯಕ್ಕೆ ಪ್ರಸ್ತಾರ ಹಾಕುತ್ತಾ ಈ ವಾದವನ್ನು ಪರೀಕ್ಷಿಸಿ ನೋಡಿ.

410ರಲ್ಲಿ ರೋಮ್ ನಗರ ಲೂಟಿಯಾದ ಮೇಲೆ ಬರೆಯಲು ತೊಡಗಿದ 'ಸಿಟಿ ಆಫ್ ಗಾಡ್' 22 ಭಾಗಗಳ ಮಹಾಗ್ರಂಥ; ರಾಜಕೀಯ ಚಿಂತನೆಗಾಗಿ 19ನೇ ಭಾಗವೊಂದನ್ನು ಓದಿದರೂ ಸದ್ಯಕ್ಕೆ ಸಾಕು.

ಬೊಯೆಥಿಯಸ್ ರೋಮಿನ ಕುಲೀನ. ಗಾಥ್ ದೊರೆ ಥಿಯೊಡೊರಿಕ್‌ನ ಆಸ್ಥಾನದಲ್ಲಿ ಉನ್ನತ ಅಧಿಕಾರಿಯಾಗಿದ್ದು, ರಾಜದ್ರೋಹದ ಆರೋಪ ಹೊತ್ತು ಸೆರೆಗೆ ಬಿದ್ದ. 524ರ ಸುಮಾರಿಗೆ ಅವನನ್ನು ಕೊಂದರು. ಸೆರೆಯಲ್ಲಿ ಬರೆದ 'ಕನ್ಸೊಲೇಷನ್ ಆಫ್ ಫಿಲಾಸಫಿ' ಐದು ಭಾಗಗಳ, 39 ಪದ್ಯಗಳ ಕೃತಿ. ಗದ್ಯದ ನಡುವೆ ಪದ್ಯ ಬರುವುದು ಚಂಪೂ ಬಲ್ಲ ನಮಗೆ ಹೊಸದಲ್ಲ. ಪದ್ಯ ಹಾರಿಸಿ ಓದುವುದು ಸಾಮಾನ್ಯ ತಪ್ಪು. ವಾದದಿಂದ ಬಳಲಿದ ರೋಗಿಗೆ ಹಾಡು ಔಷಧ ಎಂದು ಕೃತಿಯೇ ಹೇಳುತ್ತದೆ. ಐದನೇ ಭಾಗ ಕಠಿಣ: ದೇವರಿಗೆ ಮುಂದಾಗುವುದೆಲ್ಲ ಮೊದಲೇ ಗೊತ್ತಿದ್ದರೆ ನಮಗೆ ಸ್ವಾತಂತ್ರ್ಯ ಎಲ್ಲಿದೆ? ಒಬ್ಬ ನಡೆಯುತ್ತಿರುವುದನ್ನು ನೀವು ನೋಡಿದ ಮಾತ್ರಕ್ಕೆ ನಿಮ್ಮ ನೋಟ ಅವನನ್ನು ನಡೆಸುವುದಿಲ್ಲ. ದೇವರಿಗೆ ಎಲ್ಲ ಕಾಲವೂ ಹಾಗೆ ಎದುರಿಗೇ ಇದೆ ಎಂಬುದು ಅವನ ಉತ್ತರ. ಇಡೀ ಮಧ್ಯಯುಗವನ್ನು ಒಂದೇ ಪುಸ್ತಕದಿಂದ ಪ್ರವೇಶಿಸಬೇಕಿದ್ದರೆ ನಾವು ಕೊಡುವುದು ಇದನ್ನೇ.

ಅಕ್ವಿನಾಸ್: ವಾದಕ್ರಮ ತಿಳಿದರೆ ಭಯವಿಲ್ಲ

'ಸುಮ್ಮಾ ಥಿಯೊಲೊಜಿಯೆ'ಯ ಗಾತ್ರವೇ ಜನರನ್ನು ಓಡಿಸುತ್ತದೆ. 1273ರ ಡಿಸೆಂಬರಿನಲ್ಲಿ ಬರೆಯುವುದನ್ನು ನಿಲ್ಲಿಸಿದಾಗಲೂ ಗ್ರಂಥ ಮುಗಿದಿರಲಿಲ್ಲ. ಆದರೆ ಇದರ ಘಟಕ ಪುಟ್ಟದು: ಒಂದೊಂದು 'ಆರ್ಟಿಕಲ್' ಒಂದೆರಡು ಪುಟ. ಮೊದಲು ಎದುರು ಪಕ್ಷದ ಆಕ್ಷೇಪಗಳು, ಆಮೇಲೆ "ಇದಕ್ಕೆ ವಿರುದ್ಧವಾಗಿ" ಎಂದು ಒಂದು ಪ್ರಮಾಣವಾಕ್ಯ, ನಂತರ "ನಾನು ಉತ್ತರಿಸುತ್ತೇನೆ" ಎಂದು ಅವನ ಸಿದ್ಧಾಂತ, ಕೊನೆಗೆ ಪ್ರತಿ ಆಕ್ಷೇಪಕ್ಕೂ ಸಮಾಧಾನ. ಮೀಮಾಂಸೆಯ ಅಧಿಕರಣದಲ್ಲಿ ಸಂಶಯ, ಪೂರ್ವಪಕ್ಷ, ಸಿದ್ಧಾಂತ ನೋಡಿದವರಿಗೆ ದಾರಿ ಪರಿಚಿತ. ಗೊತ್ತಿಲ್ಲದವರು ಪೂರ್ವಪಕ್ಷವನ್ನೇ ಅಕ್ವಿನಾಸನ ಅಭಿಪ್ರಾಯವೆಂದು ಉದ್ಧರಿಸಿಬಿಡುತ್ತಾರೆ.

ದೇವರ ಅಸ್ತಿತ್ವದ ಐದು ವಾದಗಳಿರುವ ಪ್ರಸಿದ್ಧ ಆರ್ಟಿಕಲ್ (ಮೊದಲ ಭಾಗ, ಪ್ರಶ್ನೆ 2, ಆರ್ಟಿಕಲ್ 3) ಎತ್ತಿಕೊಳ್ಳಿ. ಆಕ್ಷೇಪ ಎರಡೇ: ಅನಂತ ಒಳಿತಾದ ದೇವರಿದ್ದರೆ ಕೆಡುಕು ಇರಬಾರದಿತ್ತು, ಪ್ರಕೃತಿ ಮತ್ತು ಮನುಷ್ಯರ ಇಚ್ಛೆಯಿಂದಲೇ ಎಲ್ಲ ವಿವರಿಸಬಹುದಾದರೆ ದೇವರೇಕೆ? ಮೊದಲು ಆಕ್ಷೇಪ ಓದಿ, ನೇರ ಕೊನೆಗೆ ಹೋಗಿ ಅದರ ಸಮಾಧಾನ ಓದಿ, ಆಮೇಲೆ ನಡುವಿನ ಸಿದ್ಧಾಂತಕ್ಕೆ ಬನ್ನಿ. ಹೊಸಬರಿಗೆ ಈ ತಿರುವುಮುರುವು ಕ್ರಮವೇ ಸುಲಭ.

ದೇವತಾಶಾಸ್ತ್ರದಲ್ಲಿ ಆಸಕ್ತಿ ಇಲ್ಲದಿದ್ದರೂ ಕಾನೂನಿನ ಕುರಿತ ಎಂಟು ಪ್ರಶ್ನೆಗಳನ್ನು (ಎರಡನೇ ಭಾಗದ ಮೊದಲರ್ಧ, 90–97) ಬಿಡಬೇಡಿ. ದಿನಕ್ಕೆ ಎರಡು ಆರ್ಟಿಕಲ್‌ನಂತೆ ಮೂರು ವಾರದೊಳಗೆ ಮುಗಿಯುತ್ತದೆ. 90ರ ಕೊನೆಯಲ್ಲಿ ಕಾನೂನಿನ ಲಕ್ಷಣ ಸಿಗುತ್ತದೆ: ವಿವೇಕದ ಆದೇಶ, ಸರ್ವರ ಹಿತಕ್ಕಾಗಿ, ಸಮುದಾಯದ ಹೊಣೆ ಹೊತ್ತವರಿಂದ, ಎಲ್ಲರಿಗೂ ಪ್ರಕಟಪಡಿಸಿದ್ದು. ಇವನು ಅರಿಸ್ಟಾಟಲನನ್ನು ಹೆಸರಿಲ್ಲದೆ 'ದಾರ್ಶನಿಕ' ಎಂದೂ, ಕಾರ್ಡೋಬಾದ ಇಬ್ನ್ ರುಶ್ದ್‌ನನ್ನು (1126–1198) 'ವ್ಯಾಖ್ಯಾನಕಾರ' ಎಂದೂ ಕರೆಯುತ್ತಾನೆ, ಗೊತ್ತಿರಲಿ. ಅರಬ್ಬೀ ವಿದ್ವಾಂಸರ ವ್ಯಾಖ್ಯಾನವನ್ನು ಬಿಟ್ಟು ಈ ಅಧ್ಯಾಯವನ್ನು ಬರೆಯಲಾಗುವುದಿಲ್ಲ.

ಎರಡನೇ ಸುತ್ತು

ಒಬ್ಬರನ್ನು ಮುಗಿಸಿದ ಮೇಲೆ ಇನ್ನೊಬ್ಬರನ್ನು ಮೊದಲಿನಿಂದ ಹಿಡಿಯುವ ಬದಲು, ಒಂದೇ ಪ್ರಶ್ನೆಗೆ ಹಲವರನ್ನು ಕೂರಿಸಿ. ಕೆಟ್ಟ ತೀರ್ಪನ್ನು, ಅನ್ಯಾಯದ ಕಾನೂನನ್ನು ಪಾಲಿಸಬೇಕೇ ಎಂಬುದು ಇದಕ್ಕೆ ಚೆನ್ನಾಗಿ ಒದಗುತ್ತದೆ. 'ಕ್ರೈಟೋ'ದ 50ಎಯಿಂದ ಅಥೆನ್ಸಿನ ಕಾನೂನುಗಳೇ ಎದ್ದು ನಿಂತು, ಸೆರೆಯಿಂದ ಓಡಿಹೋಗಬೇಡ ಎಂದು ಸಾಕ್ರಟೀಸ್‌ನೊಡನೆ ವಾದಿಸುತ್ತವೆ. ಅದರ ಬೆನ್ನಿಗೆ ಅಕ್ವಿನಾಸನ 96ನೇ ಪ್ರಶ್ನೆಯ 4ನೇ ಆರ್ಟಿಕಲ್ ಓದಿ. ಅಲ್ಲಿ ಅವನು, ನ್ಯಾಯವಲ್ಲದ್ದು ಕಾನೂನೇ ಅಲ್ಲವೆನ್ನಿಸುತ್ತದೆ ಎಂಬ ಅಗಸ್ಟೀನನ ಮಾತನ್ನು ಎತ್ತಿಕೊಂಡು, ಅಂಥ ಕಾನೂನು ಅಂತಃಸಾಕ್ಷಿಯನ್ನು ಕಟ್ಟಿಹಾಕುವುದಿಲ್ಲ ಎನ್ನುತ್ತಾನೆ. ಆದರೆ ಮೀರುವುದರಿಂದ ಗದ್ದಲವೋ ಅಪಚಾರವೋ ಆಗುವಂತಿದ್ದರೆ ತನ್ನ ಹಕ್ಕನ್ನು ಬಿಟ್ಟುಕೊಡಬೇಕಾಗಬಹುದು, ದೇವರ ಆಜ್ಞೆಗೇ ವಿರುದ್ಧವಾದ ಕಾನೂನನ್ನು ಮಾತ್ರ ಯಾವ ಕಾರಣಕ್ಕೂ ಪಾಲಿಸಕೂಡದು ಎಂದೂ ಸೇರಿಸುತ್ತಾನೆ. ಸಾಕ್ರಟೀಸ್‌ನ ಮೇಲಿನ ತೀರ್ಪು ಇವುಗಳಲ್ಲಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಒಂದು ಪುಟ ಬರೆದು ನೋಡಿ. ಕಾನೂನೇ ಅನ್ಯಾಯದ್ದೋ, ಕಾನೂನು ಸರಿಯಿದ್ದು ತೀರ್ಪುಗಾರರು ತಪ್ಪಿದರೋ ಎಂಬ ಭೇದವನ್ನು 'ಕ್ರೈಟೋ' 54ಸಿಯಲ್ಲಿ ಕಾನೂನುಗಳೇ ಎತ್ತಿ ತೋರಿಸುತ್ತವೆ.